ತಾಳಿ, ತಾಯಿತ, ತೆಂಗಿನಕಾಯಿ

1704ರ ಜೂನ್ 23ರಂದು ಪಾಂಡಿಚೇರಿಯಲ್ಲಿ ಹದಿನಾರು ಕಲಮುಗಳ ಆಜ್ಞೆಯೊಂದು ಸಿದ್ಧವಾಯಿತು. ಅದಕ್ಕೆ ಸಹಿ ಹಾಕಿದವನು ಶಾರ್ಲ್ ತೋಮಾ ದ ತುರ್ನೋ. ಪೋಪರ ಪ್ರತಿನಿಧಿಯಾಗಿ ಚೀನಾಕ್ಕೆ ಹೊರಟವನು ದಾರಿಯಲ್ಲಿ ಪಾಂಡಿಚೇರಿಯಲ್ಲಿ ಎಂಟು ತಿಂಗಳು ತಂಗಿದ್ದ. ಅಷ್ಟು ದಿನವೂ ಊರು ಬಿಟ್ಟು ಒಳನಾಡಿಗೆ ಬರಲೇ ಇಲ್ಲ. ಆದರೂ ಮದುರೆ, ಮೈಸೂರು, ಕರ್ನಾಟಿಕ್ ಎಂಬ ಮೂರು ಮಿಷನ್‌ಗಳ ಕ್ರೈಸ್ತರು ಮದುವೆ ಹೇಗೆ ಮಾಡಬೇಕು, ಹಣೆಗೆ ಏನು ಬಳಿಯಬಾರದು, ಯಾವಾಗ ಸ್ನಾನ ಮಾಡಬಾರದು ಎಂದು ಗೊತ್ತುಮಾಡಿದ.

ಆ ಕಲಮುಗಳನ್ನು ಓದುತ್ತಾ ಹೋದರೆ ಹಳ್ಳಿಯ ಮದುವೆಮನೆಯೊಂದರ ಸಾಮಾನಿನ ಪಟ್ಟಿ ಕೈಗೆ ಸಿಕ್ಕಂತಾಗುತ್ತದೆ. ತಾಳಿಯಲ್ಲಿ ಪಿಳ್ಳಾರಿಯ, ಅಂದರೆ ಗಣಪನ ರೂಪ ಇರಕೂಡದು. ಅರಿಸಿನದಲ್ಲಿ ಅದ್ದಿದ ನೂರೆಂಟು ಎಳೆಯ ದಾರ ಕಟ್ಟಕೂಡದು. ಮದುವೆಯಲ್ಲಿ ತೆಂಗಿನಕಾಯಿ ಒಡೆದು ಹೋಳು ನೋಡಿ ಶಕುನ ಹೇಳಕೂಡದು. ವಧೂವರರ ತಲೆಯ ಸುತ್ತ ನಿವಾಳಿಸಿ ದೃಷ್ಟಿ ತೆಗೆಯಕೂಡದು. ಹುಡುಗಿ ಮೈನೆರೆದಾಗ ಸಂಭ್ರಮ ಮಾಡಿ ನೆಂಟರನ್ನು ಕರೆಯಕೂಡದು. ಸಗಣಿಯ ಬೂದಿ ಹಣೆಗೆ ಏರಕೂಡದು. ಕ್ರೈಸ್ತ ವಾದ್ಯದವರು ದೇವಸ್ಥಾನದಲ್ಲಿ ಬಾರಿಸಕೂಡದು. ಈ ಕೊನೆಯ ಮಾತು ತೀರ್ಪುಗಾರನಿಗೆ ಚಿಕ್ಕದಾಗಿ ಕಂಡಿರಬಹುದು. ಡೋಲು, ತಮಟೆಯ ಮೇಲೆ ವರ್ಷದ ಕಾಳು ದುಡಿಯುತ್ತಿದ್ದ ಮನೆಗೆ ಅದು ಅನ್ನದ ಪ್ರಶ್ನೆ.

ದೊಡ್ಡ ವಿಗ್ರಹಕ್ಕೆ ಅಡ್ಡಬೀಳುವುದನ್ನು ಬಿಟ್ಟವನು ಚಿಕ್ಕ ದಾರದಲ್ಲಿ ಸಿಕ್ಕಿಬೀಳುತ್ತಾನೆ, ದಿನದ ಬದುಕಿನ ಸಣ್ಣ ರೂಢಿಗಳ ಮೂಲಕ ಹಳೆಯ ಶಕ್ತಿಗಳು ಮನೆಯೊಳಗೆ ನುಸುಳುತ್ತವೆ: ಕ್ರೈಸ್ತ ಲೋಕದಲ್ಲಿ ಈ ಎಚ್ಚರಿಕೆ ಬಹಳ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ, ಶಕುನ, ಮಾಟ, ಸತ್ತವರನ್ನು ಮಾತಾಡಿಸುವುದು ಎಲ್ಲವನ್ನೂ ಒಟ್ಟಿಗೆ ನಿಷೇಧಿಸುತ್ತದೆ. ಎಫೆಸ ಪಟ್ಟಣದಲ್ಲಿ ಹೊಸದಾಗಿ ನಂಬಿದವರು ತಮ್ಮ ಮಂತ್ರದ ಪುಸ್ತಕಗಳನ್ನು ತಂದು ಸುಟ್ಟರೆಂದೂ ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯವಾಗಿತ್ತೆಂದೂ ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಪುಸ್ತಕ ಹೇಳುತ್ತದೆ. ಆದರೆ ಮೈಸೂರು ಸೀಮೆಯಲ್ಲಿ ಸುಡಲು ಪುಸ್ತಕಗಳಿರಲಿಲ್ಲ. ಇದ್ದದ್ದು ಅರಿಸಿನ, ನಿಂಬೆಹಣ್ಣು, ಕಪ್ಪುದಾರ, ತಾಯಿತ. ಇವುಗಳಲ್ಲಿ ಯಾವುದು ನಾಡಿನ ರೂಢಿ, ಯಾವುದು ದೆವ್ವದ ಬಾಗಿಲು ಎಂಬ ಜಗಳ ಮುನ್ನೂರು ವರ್ಷ ನಡೆಯಿತು.

ಜಗಳ ಮೈಸೂರಿನವರೆಗೆ ಬಂದದ್ದಕ್ಕೆ ಕಾರಣ ಇಟಲಿಯ ಜೆಸ್ವಿತ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1640ರ ದಶಕದ ಕೊನೆಗೆ, ಆತ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ. ಕನ್ನಡ ಕಲಿತು ಕನ್ನಡದಲ್ಲಿ ಧರ್ಮಬೋಧೆಯ ಪುಸ್ತಕ ಬರೆದ. ಮದುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ದಾರಿಯಲ್ಲಿ ಈ ಪಾದ್ರಿಗಳೂ ಕಾವಿ ಉಟ್ಟರು, ಮಾಂಸ ಬಿಟ್ಟರು, ಸಂನ್ಯಾಸಿಗಳಂತೆ ಬದುಕಿದರು. ಜನರ ನಡೆನುಡಿಯಲ್ಲಿ ದೇವರ ಪೂಜೆಗೆ ಸೇರಿದ್ದನ್ನು ಮಾತ್ರ ಬಿಡಿಸಿ, ಉಳಿದದ್ದನ್ನು ಹಾಗೇ ಇರಗೊಡುವುದು ಅವರ ನೀತಿ. ತುರ್ನೋ ಹೊಡೆದದ್ದು ಈ ನೀತಿಯ ಬುಡಕ್ಕೆ.

ಆ ಹದಿನಾರರಲ್ಲಿ ಒಂದು ಕಲಮು ಮಾತ್ರ ಬೇರೆ ಜಾತಿಯದು, ಮತ್ತು ಜಾತಿಯದೇ. ಕಾವಿಯುಟ್ಟ ಪಾದ್ರಿಗಳು ಮೇಲುಜಾತಿಯವರ ನಡುವೆ ಗೌರವ ಕಳೆದುಕೊಳ್ಳಬಾರದೆಂದು ಹೊಲೆಯರ ಗುಡಿಸಲೊಳಗೆ ಕಾಲಿಡುತ್ತಿರಲಿಲ್ಲ. ಸಾಯುವವನಿಗೂ ಕೊನೆಯ ಸಂಸ್ಕಾರ ಹೊರಗಡೆಯೇ. ಪಾದ್ರಿ ಒಳಗೆ ಹೋಗಲೇಬೇಕು ಎಂದು ಆಜ್ಞೆ ಹೇಳಿತು. ತೆಂಗಿನಕಾಯಿಯ ಬಗ್ಗೆ ರೋಮಿನವರೆಗೆ ಕಾಗದಗಳು ಓಡಾಡಿದವು. ಈ ಒಂದು ಕಲಮಿನ ಮುಂದೆ ಮಿಷನ್‌ಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದವು. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಉಳಿದ ನಿಷೇಧಗಳನ್ನು ಬಿಗಿ ಮಾಡಿ, ಎಲ್ಲ ಪಾದ್ರಿಗಳೂ ಪ್ರಮಾಣ ಮಾಡಬೇಕೆಂದು ವಿಧಿಸಿದ. ಗುಡಿಸಲ ಪ್ರಶ್ನೆಗೆ ಮಾತ್ರ ಅಸ್ಪೃಶ್ಯರಿಗೇ ಬೇರೆ ಪಾದ್ರಿಗಳನ್ನು ನೇಮಿಸುವ ಉಪಾಯ ಒಪ್ಪಿಗೆಯಾಯಿತು. ದಾರದ ಎಳೆ ಎಣಿಸಿದವರು ಮೇಲುಕೀಳನ್ನು ಪಾದ್ರಿಗಳ ಸಾಲಿನಲ್ಲೇ ಕೂರಿಸಿಬಿಟ್ಟರು. ನಂಬಿಕೆಯೊಳಗೆ ಸದ್ದಿಲ್ಲದೆ ನುಸುಳಿದ ರಾಜಿ ಯಾವುದೆಂದು ಹುಡುಕುವವರು ಮೊದಲು ನೋಡಬೇಕಾದದ್ದು ಇಲ್ಲಿ.

ಟಿಪ್ಪು ಬಿದ್ದ 1799ರ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಫ್ರೆಂಚ್ ಪಾದ್ರಿ ಜ್ಯಾಂ ಆಂತ್ವಾನ್ ದ್ಯುಬ್ವಾ ಮೈಸೂರು ಸೀಮೆಗೆ ಬಂದ. ಜನ ಅವನನ್ನು ಕರೆದದ್ದು ದೊಡ್ಡಸ್ವಾಮಿಯವರು ಎಂದು. ಈ ನಾಡಿನವರಂತೆ ಉಟ್ಟು, ಉಂಡು ಬದುಕಿದ ಆತ ಹಿಂದೂ ಆಚಾರ ವಿಚಾರಗಳ ಬಗ್ಗೆ ಬರೆದ ಹಸ್ತಪ್ರತಿಯನ್ನು ಮಾರ್ಕ್ ವಿಲ್ಕ್ಸ್ ಮೂಲಕ ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹಕ್ಕೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಮಂತ್ರ, ಮಾಟಗಳಿಗೂ ಜಾಗವಿದೆ. ಅದೇ ದ್ಯುಬ್ವಾ ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೂ ಇಳಿದ. 1803–04ರಲ್ಲಿ ತನ್ನ ಮೇಲ್ವಿಚಾರಣೆಯಲ್ಲಿ 25,432 ಜನಕ್ಕೆ ಹಾಕಿಸಿದ್ದಾಗಿ ಲೆಕ್ಕ ಕೊಟ್ಟಿದ್ದಾನೆ. ಸಿಡುಬೆಂದರೆ ಅಮ್ಮನ ಮುನಿಸು ಎಂದು ಬೇವಿನ ಸೊಪ್ಪು ಕಟ್ಟಿ ಕೂರುತ್ತಿದ್ದ ಕಾಲದಲ್ಲಿ, ದೇವತೆಯನ್ನು ಬೈಯದೆ ತೋಳಿಗೆ ಸೂಜಿ ಚುಚ್ಚಿದ್ದು ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚು ಕೆಲಸ ಮಾಡಿತು.

1823ರಲ್ಲಿ ದೇಶಕ್ಕೆ ಮರಳಿದ ದ್ಯುಬ್ವಾ ಆ ವರ್ಷವೇ ಪ್ರಕಟಿಸಿದ ಪತ್ರಗಳಲ್ಲಿ ತನ್ನ ಕ್ರೈಸ್ತರ ಹಬ್ಬದ ಮೆರವಣಿಗೆಗಳನ್ನು ನೆನೆದು ನಾಚಿಕೊಂಡಿದ್ದಾನೆ. ರಾತ್ರಿ ಹೊತ್ತು, ತಮಟೆ, ತುತ್ತೂರಿ, ಪಟಾಕಿ. ತೇರಿನ ಮೇಲೆ ಸಂತರ ಪ್ರತಿಮೆ. ನೋಡಿದವರಿಗೆ ಊರ ಜಾತ್ರೆಗೂ ಅದಕ್ಕೂ ವ್ಯತ್ಯಾಸ ತಿಳಿಯದಂತಿತ್ತು. ಪ್ರಮಾಣ ಮಾಡಿಸಿ ಸುಮಾರು ಎಂಬತ್ತು ವರ್ಷವಾಗಿತ್ತು. ತಮಟೆ ಮಾತ್ರ ನಿಂತಿರಲಿಲ್ಲ.

ಇನ್ನು ಈ ಕ್ರೈಸ್ತರ ಸುತ್ತಲಿನವರ ನಂಬಿಕೆ ನೋಡಲು ಕಾಕನಕೋಟೆಯ ಕಡೆಗೆ. ಕಾಡುಜನರ ಮುಖಂಡ ಕಾಕನ ಹೆಸರು ಹೊತ್ತ ಈ ಅಡವಿಯನ್ನು ಕನ್ನಡಿಗರು ಮಾಸ್ತಿಯವರ ನಾಟಕದಿಂದ, ಆನೆ ಹಿಡಿಯುವ ಖೆಡ್ಡಾದಿಂದ ಬಲ್ಲರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಪರವಾಗಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಸಂಚರಿಸಿ ಕಾಡುಕುರುಬರ ನಂಬಿಕೆಗಳನ್ನು ಬರೆದುಕೊಂಡ. ಅವರ ಲೆಕ್ಕದಲ್ಲಿ ಒಳ್ಳೆಯವನೆಂದರೆ ತನ್ನ ಕೆಲಸವನ್ನು ಸರಿಯಾಗಿ ಮಾಡುವವನು, ಮನೆಯವರನ್ನು ಅಕ್ಕರೆಯಿಂದ ನೋಡಿಕೊಳ್ಳುವವನು. ಅಂಥವನು ಸತ್ತು ಒಳ್ಳೆಯ ದೇವರಾಗುತ್ತಾನೆ, ಕೆಟ್ಟವನು ಕಾಡುವ ದೇವರಾಗುತ್ತಾನೆ. ಸತ್ತ ಹಿರಿಯರು ಮುದುಕರ ಕನಸಿಗೆ ಬಂದು ಬೆಟ್ಟದ ಚಿಕ್ಕಮ್ಮನಿಗೆ ಹಣ್ಣು ಒಪ್ಪಿಸಿ ಎನ್ನುತ್ತಾರೆ. ಒಪ್ಪಿಸದಿದ್ದರೆ ಆಕೆ ಕಾಯಿಲೆ ತರುತ್ತಾಳೆ. ರಕ್ತಬಲಿ ಅವಳಿಗೆ ಬೇಡ. ಕುರುಬರು ಎಷ್ಟು ಪ್ರಾಮಾಣಿಕರೆಂದರೆ ಹಸಿದು ಸತ್ತಾರೇ ಹೊರತು ತಮ್ಮ ವಶಕ್ಕೆ ಕೊಟ್ಟ ಕಾಳಿನಲ್ಲಿ ಒಂದನ್ನೂ ಮುಟ್ಟರೆಂದು ರೈತರು ನಂಬಿದ್ದನ್ನೂ ಬುಕಾನನ್ ದಾಖಲಿಸಿದ್ದಾನೆ.

ಕನಸು, ಬೇಡಿಕೆ, ಅಲಕ್ಷ್ಯ, ಕಾಯಿಲೆ, ಕಾಣಿಕೆ. ಬೆಟ್ಟದ ಚಿಕ್ಕಮ್ಮನ ಕಥೆಯ ಈ ಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕೃಷ್ಣರಾಜನಗರದ ಪಕ್ಕದ ಡೋರ್ನಹಳ್ಳಿಗೆ ಬರಬೇಕು.

ಮೈಸೂರಿನಿಂದ ಹಾಸನಕ್ಕೆ ಹೋಗುವ ರೈಲು ಕೃಷ್ಣರಾಜನಗರ ಮುಟ್ಟುವ ಮೊದಲೇ ಡೋರ್ನಹಳ್ಳಿ ಎಂಬ ನಿಲ್ದಾಣವಿದೆ. ಅಲ್ಲಿನ ಸಂತ ಅಂತೋಣಿಯವರ ದೇವಾಲಯದ ಐತಿಹ್ಯ ಸುಮಾರು ಇನ್ನೂರು ವರ್ಷ ಹಳೆಯದು. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ಬೊಂಬೆಯೊಂದು ಸಿಕ್ಕಿತಂತೆ. ಏನೆಂದು ತಿಳಿಯದೆ ಮಕ್ಕಳಿಗೆ ಆಡಲು ಕೊಟ್ಟ. ರಾತ್ರಿ ಸಂನ್ಯಾಸಿಯಂಥ ಒಬ್ಬರು ಕನಸಿಗೆ ಬಂದು ಇದು ಆಟದ ಬೊಂಬೆಯಲ್ಲ, ನನಗೊಂದು ಗುಡಿ ಕಟ್ಟು ಎಂದರು. ರೈತ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯವರು ಕಾಯಿಲೆ ಬಿದ್ದರು, ದನಕರು ಸತ್ತವು. ಹೆದರಿದವನು ಚಿಕ್ಕ ಗುಡಿ ಕಟ್ಟಿದ ಮೇಲೆ ಎಲ್ಲ ಸರಿಹೋಯಿತು. ಆಮೇಲೆ ಯಾರೋ ಕ್ರೈಸ್ತರು ನೋಡಿ ಇದು ಪಾದುವಾದ ಸಂತ ಅಂತೋಣಿ ಎಂದು ಗುರುತು ಹಿಡಿದರು.

ಲಿಸ್ಬನ್ನಿನಲ್ಲಿ ಹುಟ್ಟಿ 1231ರ ಜೂನ್ 13ರಂದು ಇಟಲಿಯಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಉಪದೇಶಿ, ಕಳೆದ ವಸ್ತು ಹುಡುಕಿಕೊಡುವವರೆಂದು ಲೋಕವೆಲ್ಲ ನೆನೆಯುವವರು, ಈ ಸೀಮೆಯಲ್ಲಿ ಊರದೇವತೆ ಮಾತಾಡುವ ರೀತಿಯಲ್ಲೇ ಮಾತಾಡಿದರು. ಶುದ್ಧ ಸಿದ್ಧಾಂತಿಯೊಬ್ಬ ಈ ಕಥೆ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು: ಸಂತರು ದನ ಕೊಲ್ಲುವುದುಂಟೇ? ಗುಡಿ ಕಟ್ಟದಿದ್ದರೆ ಮುನಿಯುವವರು ಮಾರಿ ಮಸಣಿಯರಲ್ಲವೇ? ಕಥೆಯನ್ನು ಹೇಳುತ್ತ ಬಂದವರಿಗೆ ಮಾತ್ರ ಇದರಲ್ಲಿ ತೊಡಕು ಕಾಣಲಿಲ್ಲ. ಕಾವಿಯುಟ್ಟ ಜೆಸ್ವಿತರನ್ನು ನೂರಕ್ಕೂ ಹೆಚ್ಚು ವರ್ಷ ಕಂಡಿದ್ದ ಸೀಮೆಯಲ್ಲಿ ಪರದೇಶದ ಸಂತರೊಬ್ಬರು ಸಂನ್ಯಾಸಿಯ ವೇಷದಲ್ಲಿ ಕನಸಿಗೆ ಬಂದದ್ದು ಸಹಜವೇ. ಪ್ರತಿ ಜೂನ್ 13ರ ಹಬ್ಬಕ್ಕೆ ಕರ್ನಾಟಕ, ತಮಿಳುನಾಡು, ಕೇರಳದಿಂದ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ, ತೇರು ಎಳೆಯುತ್ತಾರೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಕಿರಿಯ ಬೆಸಿಲಿಕದ ಪದವಿ ಕೊಟ್ಟರು. ತುರ್ನೋ ಇದ್ದಿದ್ದರೆ ಹದಿನೇಳನೆಯ ಕಲಮು ಬರೆಯುತ್ತಿದ್ದನೋ ಏನೋ.

ಮಾಟದ ಭಯ ಕ್ರೈಸ್ತರು ತಂದದ್ದಲ್ಲ, ಮೊದಲಿಂದ ಇದ್ದದ್ದು. ಆ ಭಯಕ್ಕೆ ಬಲಿಯಾದವರು ಬಹುಪಾಲು ಕಾಡಿನವರು. ಬಯಲಿನ ಒಕ್ಕಲಿಗೆ ಕಾಡುಕುರುಬನೆಂದರೆ ಜೇನು ತರುವವನು, ಆನೆ ಓಡಿಸುವವನು, ಜೊತೆಗೆ ಮಾಟ ಬಲ್ಲವನು. ಪಕ್ಕದ ನೀಲಗಿರಿಯಲ್ಲಿ ಇದೇ ಅನುಮಾನಕ್ಕೆ 1835ರಿಂದ 1900ರವರೆಗೆ ಹಲವು ಸಲ ಕುರುಂಬರ ಕೊಲೆಗಳಾದವು. ಊರಲ್ಲಿ ಜ್ವರ ಬಂದರೆ, ದನ ಸತ್ತರೆ, ಗುಂಪು ಕಟ್ಟಿಕೊಂಡು ಹೋಗಿ ಹಾಡಿಯನ್ನೇ ಮುಗಿಸಿದ್ದುಂಟು. ನೆರೆಯವನ ದೇವರು ದೆವ್ವ ಎಂದು ಬೋಧಿಸುವವರು ಈ ಲೆಕ್ಕವನ್ನೂ ಓದಿರಬೇಕು.

ಪ್ರೊಟೆಸ್ಟಂಟರು ಬಂದಾಗ ಗೆರೆ ಇನ್ನೂ ದಪ್ಪವಾಯಿತು. ಅವರ ಕಣ್ಣಿಗೆ ಡೋರ್ನಹಳ್ಳಿಯ ತೇರೂ ವಿಗ್ರಹಾರಾಧನೆಯೇ. ಮೈಸೂರು ಸಂಸ್ಥಾನದ ವೆಸ್ಲಿಯನ್ ಮಿಷನ್ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳ ದಾರಿ ಹಿಡಿಯಿತು. 1887ರಿಂದ ಅದು ಮೈಸೂರಿನಲ್ಲಿ ತಂದ 'ವೃತ್ತಾಂತ ಪತ್ರಿಕೆ' ಕನ್ನಡದ ಹಳೆಯ ವಾರಪತ್ರಿಕೆಗಳಲ್ಲೊಂದು. ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿನ ಆಲ್ಮಂಡ ಸೋಮಯ್ಯನನ್ನು 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕ್ರೈಸ್ತನನ್ನಾಗಿ ಮಾಡಿಕೊಂಡ. ಸೋಮಯ್ಯ ಜಾತಿಯಿಂದ ಹೊರಬಿದ್ದ. ಬಾಸೆಲ್‌ನವರು ಕತ್ತರಿ ಹಿಡಿದವರು: ಜುಟ್ಟು ಕತ್ತರಿಸಬೇಕು, ಭೂತದ ಸಾಮಾನು ಮನೆಯಲ್ಲಿರಬಾರದು, ಜಾತಿ ಬಿಡಲೇಬೇಕು. ಜಾತಿಯ ವಿಷಯದಲ್ಲಿ ಜೆಸ್ವಿತರು ಅನುಮಾನಿಸಿದ ಕಡೆ ಇವರು ಅನುಮಾನಿಸಲಿಲ್ಲ, ಅದು ಅವರ ಹೆಗ್ಗಳಿಕೆ. ತಮಾಷೆಯೆಂದರೆ, ತುಳುವರು ಭೂತಾರಾಧನೆ ಬಿಡಬೇಕೆಂದು ಬೋಧಿಸುತ್ತಿದ್ದ ಅದೇ ಮಿಷನ್ನಿನ ಆಗಸ್ಟ್ ಮ್ಯಾನರ್ ಆ ಭೂತಗಳ ಪಾಡ್ದನಗಳನ್ನು ಕೂಡಿಸಿ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಶತ್ರುವನ್ನು ಅರಿಯಲು ಹೊರಟವನು ಅವನ ಹಾಡನ್ನೆಲ್ಲ ಬರೆದಿಟ್ಟು ಹೋದ. ತುಳು ಜಾನಪದ ಓದುವವರು ಇವತ್ತಿಗೂ ಆ ಪುಸ್ತಕ ಬಿಚ್ಚಬೇಕು.

ಊಟದ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಮಾರಿಹಬ್ಬದ ದಿನ ನೆರೆಮನೆಯಿಂದ ಬಾಡಿನ ಸಾರು ಬರುತ್ತದೆ. ಆಯುಧಪೂಜೆಗೆ ಟ್ರ್ಯಾಕ್ಟರ್‌ಗೂ ಹೊಗೆಸೊಪ್ಪಿನ ಬ್ಯಾರನ್ನಿಗೂ ಕುಂಬಳಕಾಯಿ ಒಡೆದು, ಕೂಲಿಯವರಿಗೆಲ್ಲ ಮಂಡಕ್ಕಿ, ಸಿಹಿ ಹಂಚುತ್ತಾರೆ. ಕೂಲಿಗೆ ಬಂದ ಕ್ರೈಸ್ತ ಕೈ ಚಾಚಬೇಕೇ, ಬೇಡವೇ? ಹುಣಸೂರು, ಪಿರಿಯಾಪಟ್ಟಣದಲ್ಲಿ ವರ್ಷಕ್ಕೊಮ್ಮೆ ಏಳುವ ಈ ಪ್ರಶ್ನೆ ಕೊರಿಂಥ ಪಟ್ಟಣದ ಕ್ರೈಸ್ತರಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಎದ್ದಿತ್ತು. ಅವರಿಗೆ ಪ್ರೇಷಿತ ಪೌಲ ಕೊಟ್ಟ ಉತ್ತರ ಜಾಣತನದ್ದು: ವಿಗ್ರಹವೆಂಬುದು ಏನೂ ಅಲ್ಲ, ಅಂಗಡಿಯಲ್ಲಿ ಸಿಕ್ಕಿದ್ದನ್ನು ವಿಚಾರಿಸದೆ ತಿನ್ನು, ಆದರೆ ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ, ಅವನ ಮನಸ್ಸಿನ ಸಲುವಾಗಿ ಬಿಡು. ಹಳೆಯ ಒಡಂಬಡಿಕೆಯಲ್ಲಿ ಇನ್ನೂ ಧಾರಾಳವಾದ ಉದಾಹರಣೆಯಿದೆ. ಕುಷ್ಠ ವಾಸಿಯಾದ ಸಿರಿಯಾದ ಸೇನಾಪತಿ ನಾಮಾನ, ತನ್ನ ದೊರೆ ರಿಮ್ಮೋನನ ಗುಡಿಗೆ ಹೋದಾಗ ತಾನೂ ಬಾಗಬೇಕಾಗುತ್ತದೆ, ಕ್ಷಮೆಯಿರಲಿ ಎಂದು ಪ್ರವಾದಿ ಎಲೀಷನನ್ನು ಕೇಳುತ್ತಾನೆ. ಎಲೀಷ ಬೈಯುವುದಿಲ್ಲ, ಸಮಾಧಾನದಿಂದ ಹೋಗು ಎಂದು ಕಳಿಸುತ್ತಾನೆ. ಎಚ್ಚರಿಕೆ ಕೊಡುವ ಉಪದೇಶಿಗಳು ಈ ಅಧ್ಯಾಯವನ್ನು ಎತ್ತಿಕೊಳ್ಳುವುದು ಕಡಿಮೆ.

ಇಪ್ಪತ್ತನೇ ಶತಮಾನದಲ್ಲಿ ಗೆರೆ ಹಿಂದಕ್ಕೆ ಸರಿಯಿತು. 1940ರಲ್ಲಿ ರೋಮ್ ಆ ಹಳೆಯ ಪ್ರಮಾಣವನ್ನು ರದ್ದು ಮಾಡಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಮಾರ್ಪಾಡುಗಳಿಗೆ ಒಪ್ಪಿಗೆಯೂ ಸಿಕ್ಕಿತು: ಚರ್ಚಿನ ಬಲಿಪೂಜೆಯಲ್ಲಿ ನೆಲದ ಮೇಲೆ ಕೂರಬಹುದು, ಚಪ್ಪಲಿ ಹೊರಗೆ ಬಿಡಬಹುದು, ಕೈ ಮುಗಿಯಬಹುದು, ಎಣ್ಣೆದೀಪ ಹಚ್ಚಬಹುದು, ಊದುಬತ್ತಿ ಬೆಳಗಬಹುದು, ಆರತಿ ಎತ್ತಬಹುದು. ವಧೂವರರ ತಲೆಯ ಸುತ್ತ ಸುತ್ತಿದರೆ ಪಾಪವೆಂದಿದ್ದದ್ದು 265 ವರ್ಷದ ನಂತರ ಪೀಠದ ಮುಂದೆಯೇ ಸುತ್ತತೊಡಗಿತು.

ಇದರ ಹಿಂದೆ ಇದ್ದವರು ಬೆಂಗಳೂರಿನ ಎನ್‌ಬಿಸಿಎಲ್‌ಸಿ ಎಂಬ ಕಥೋಲಿಕ ಬೈಬಲ್, ಧರ್ಮಬೋಧೆ, ಆರಾಧನಾ ಕೇಂದ್ರವನ್ನು ಕಟ್ಟಿದ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್. ಮುಂದೆ ಅವರು ಮೈಸೂರಿಗೆ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ತಳ ಹಾಕಿದರು. ಚಾಮುಂಡಿಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ತೆರೆದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಅವರ ಮೇಲಿನ ದೂರು ನಿಲ್ಲಲಿಲ್ಲ. ಮದರಾಸಿನ ವಿಕ್ಟರ್ ಕುಳಂದೈ 1985ರಲ್ಲಿ ಇಡೀ ಪುಸ್ತಕವನ್ನೇ ಬರೆದು, ಭಾರತದ ಚರ್ಚು ಅನ್ಯದೇವರ ಪಾಲಾಗುತ್ತಿದೆ ಎಂದು ಆರೋಪಿಸಿದರು. ಈ ಸಲ ಎಚ್ಚರಿಕೆ ಬಂದದ್ದು ರೋಮಿನಿಂದಲ್ಲ, ಚರ್ಚಿನ ಬೆಂಚಿನಿಂದ. ನೂರೆಂಟು ಎಳೆ ದಾರವನ್ನು ಬಿಡಿಸಿಕೊಂಡವರ ಮೊಮ್ಮಕ್ಕಳಿಗೆ, ಅಜ್ಜಂದಿರು ಬಿಟ್ಟುಬಂದದ್ದನ್ನು ಪಾದ್ರಿಗಳೇ ಮರಳಿ ಒಳಗೆ ತರುವುದು ನುಂಗಲಾರದ ತುತ್ತಾಯಿತು. ದಲಿತ ಕ್ರೈಸ್ತರ ಆಕ್ಷೇಪ ಇನ್ನೊಂದು ಬಗೆಯದು: ತಂದದ್ದೆಲ್ಲ ಮೇಲುಜಾತಿಯ ಸಂಸ್ಕೃತವೇ, ತಮಟೆ ಎಲ್ಲಿ? ನ್ಯಾಯವಾದ ಪ್ರಶ್ನೆ.

1970ರ ದಶಕದಿಂದ ಹರಡಿದ ಕ್ಯಾರಿಸ್ಮಾಟಿಕ್ ಧ್ಯಾನಕೂಟಗಳು ಮತ್ತು ಪೆಂತೆಕೊಸ್ತ್ ಸಭೆಗಳು ಹಳೆಯ ಪಟ್ಟಿಯನ್ನು ಹೊಸದಾಗಿ ಬರೆದವು. ಕೇರಳದ ಮುರಿಂಗೂರಿನಂಥ ಧ್ಯಾನಕೇಂದ್ರಗಳಿಗೆ ಕನ್ನಡಿಗರೂ ಬಸ್ಸು ಹತ್ತಿದರು. ಜಾತಕ, ವಾಸ್ತು, ತಾಯಿತ, ಬಾಗಿಲಿನ ದೃಷ್ಟಿಗೊಂಬೆ, ಗಾಡಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯ ಜೊತೆ ರೇಖಿ, ಯೋಗವೂ ಪಟ್ಟಿಗೆ ಸೇರಿದವು. ರೋಮಿನ ಅಧಿಕೃತ ನಿಲುವು ಇಷ್ಟು ಬಿರುಸಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಜಾತಕ, ಕೈರೇಖೆ, ಮಾಟ, ತಾಯಿತಗಳನ್ನು ಖಂಡಿಸುತ್ತದೆ. ಯೋಗದ ಬಗ್ಗೆ 1989ರ ಪತ್ರವೊಂದು ಎಚ್ಚರದ ಮಾತಾಡಿ ಬಿಡುತ್ತದೆ. ಕೇರಳದ ಸಿರೋ ಮಲಬಾರ್ ಸಭೆಯ ಆಯೋಗ ಮಾತ್ರ 2018ರಲ್ಲಿ ಯೋಗವೂ ಕ್ರೈಸ್ತ ನಂಬಿಕೆಯೂ ಒಟ್ಟಿಗೆ ಹೋಗವು ಎಂದಿತು.

ಇಂಥ ಜಗಳ ಕ್ರೈಸ್ತರದಷ್ಟೇ ಅಲ್ಲ ಎನ್ನುವುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯೇ ಸಾಕ್ಷಿ. 1960ರಿಂದ ಟಿಬೆಟಿಯನ್ನರು ನೆಲೆಸಿದ ಆ ಊರಿನ ಸೆರಾ ಮಠದಲ್ಲಿ ದೋರ್ಜೆ ಶುಗ್ದೆನ್ ಎಂಬ ರಕ್ಷಕ ದೇವತೆಯನ್ನು ಪೂಜಿಸುವ ಭಿಕ್ಷುಗಳಿದ್ದರು. ಅದು ಬುದ್ಧಮಾರ್ಗವನ್ನು ಭೂತಪೂಜೆಯ ಮಟ್ಟಕ್ಕೆ ಇಳಿಸುತ್ತದೆ ಎಂದು 1996ರಲ್ಲಿ ದಲೈ ಲಾಮಾ ಕಟುವಾಗಿ ಎಚ್ಚರಿಸಿದರು. 2008ರಲ್ಲಿ ಪೂಜೆ ಬಿಡಲೊಪ್ಪದವರು ಬೇರೆಯಾಗಿ ಸೆರ್ಪೋಮ್ ಎಂಬ ಸ್ವಂತ ಮಠ ಮಾಡಿಕೊಂಡರು.

ಸರ್ಕಾರವೂ ಕೊನೆಗೆ ತನ್ನದೊಂದು ಗೆರೆ ಎಳೆದಿದೆ. 2017ರಲ್ಲಿ ವಿಧಾನಮಂಡಲ ಒಪ್ಪಿದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆಂದು ಕಟ್ಟಿಹಾಕಿ ಹೊಡೆಯುವುದು, ಬರೆ ಹಾಕುವುದು, ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗಗೊಡದೆ ಮಂತ್ರ ಹಾಕುವುದು ಅದರ ಪ್ರಕಾರ ಅಪರಾಧ. ಹೊಡೆಯುವವನ ಕೈಯಲ್ಲಿ ಬೇವಿನ ಸೊಪ್ಪಿದೆಯೋ ಶಿಲುಬೆಯಿದೆಯೋ ಎಂದು ಕಾಯ್ದೆ ಕೇಳುವುದಿಲ್ಲ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಅದು ಮುಟ್ಟಿಲ್ಲ. ಗುಡಿ, ದರ್ಗಾ, ಚರ್ಚುಗಳ ಪ್ರಾರ್ಥನೆಯನ್ನೂ ಮುಟ್ಟಿಲ್ಲ. ಅದು ನೋಡುವುದು ಮೈಗೆ ಆದ ಗಾಯವನ್ನು, ಜೇಬಿಗೆ ಬಿದ್ದ ಕತ್ತರಿಯನ್ನು. ಮುನ್ನೂರು ವರ್ಷದಲ್ಲಿ ಎಳೆದ ಎಷ್ಟೋ ಗೆರೆಗಳಿಗಿಂತ ಇದು ಹೆಚ್ಚು ಬುದ್ಧಿವಂತ ಗೆರೆ. ಹಬ್ಬದ ಸಾರು ತಿನ್ನಬೇಕೋ ಬಿಡಬೇಕೋ ಎನ್ನುವುದನ್ನು ಅವರವರ ಮನೆಯವರು ತೀರ್ಮಾನಿಸಿಕೊಳ್ಳಲಿ. ಕಾಡಂಚಿನ ಸರಗೂರು, ಅಂತರಸಂತೆಯ ಕಡೆ ಯಾರಿಗಾದರೂ ಹಾವು ಕಚ್ಚಿದರೆ ಮಾತ್ರ ಪಾದ್ರಿ, ಪೂಜಾರಿ, ಮಂತ್ರವಾದಿ ಯಾರನ್ನೂ ಕಾಯಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.